ಬೆಳಿಗ್ಗೆ ಕಪ್ಪತಗುಡ್ಡ, ಸಂಜೆ ವೈನ್: ಮೂರು ದಿನದ ನನ್ನ ಅನುಭವ

ವೈನ್ ರುಚಿ ನೋಡುವುದು ನಾಲಿಗೆಯ ಕೆಲಸ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಅದು ಬಹುಪಾಲು ಮೂಗಿನ ಕೆಲಸ. ಮೂಗಿಗೆ ಕೆಲಸ ಕಲಿಸಲು ಗುಡ್ಡದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಹೋದ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯಿಂದ ನಾಲ್ಕು ಜನ ಗದಗಿನ ಕಾಕಾನ ಮನೆಗೆ ಹೋಗಿ, ಮೂರು ದಿನ ಬೆಳಿಗ್ಗೆ ಕಪ್ಪತಗುಡ್ಡ ಸುತ್ತಿದೆವು. ಎರಡು ಸಂಜೆ ಮನೆಯ ಅಂಗಳದಲ್ಲಿ ವೈನ್ ರುಚಿ ನೋಡಿದೆವು.

ದ್ರಾಕ್ಷಿ ತೋಟಕ್ಕೇ ಯಾಕೆ ಹೋಗಲಿಲ್ಲ ಅಂತ ಬಹಳ ಜನ ಕೇಳಿದರು. ನಮ್ಮ ಕಡೆ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ರೆಂಬೆ ಕತ್ತರಿಸುತ್ತಾರೆ, ಬೇಸಿಗೆಯಲ್ಲಿ ಒಂದು ಸಲ, ಮಳೆಗಾಲ ಮುಗಿಯುವಾಗ ಇನ್ನೊಂದು ಸಲ. ಹಣ್ಣು ಕೊಯ್ಲಿಗೆ ಬರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಅಕ್ಟೋಬರ್‌ನಲ್ಲಿ ತೋಟಕ್ಕೆ ಹೋದರೆ ನೋಡಲು ಸಿಗುವುದು ಬೋಳು ಬಳ್ಳಿ. ಇತ್ತ ಕಪ್ಪತಗುಡ್ಡ ಹಸಿರಾಗಿರುವುದು ಅದೇ ತಿಂಗಳಲ್ಲಿ. ಫೆಬ್ರವರಿ ಹೊತ್ತಿಗೆ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ ಅಂತ ತಿಳಿದ ಮೇಲೆ ಗುಡ್ಡವನ್ನು ಆರಿಸಿಕೊಂಡು, ವೈನನ್ನೇ ಗುಡ್ಡದ ಹತ್ತಿರಕ್ಕೆ ತಂದೆವು.

ತಂದದ್ದು ನಾಲ್ಕು ಬಾಟಲಿ, ನಾಲ್ಕೂ ಕರ್ನಾಟಕದವು. ವಿಜಯಪುರದ ದ್ರಾಕ್ಷಿ ಹೆಚ್ಚಾಗಿ ಒಣದ್ರಾಕ್ಷಿಗೆ ಹೋಗುತ್ತದೆ. ಆದರೆ ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕಂಪನಿ 1988ರಲ್ಲೇ ಶುರುವಾಗಿದೆ. ಈಗ ಹಂಪಿ ಕಡೆಯ ಗುಡ್ಡಗಳಲ್ಲೂ ವೈನ್ ಮಾಡುತ್ತಾರೆ. ಬಿಳಿಯಲ್ಲಿ ಒಂದು ಸೊವಿನ್ಯೋ ಬ್ಲಾಂಕ್, ಸ್ವಲ್ಪ ಸಿಹಿ ಇರುವ ಒಂದು ಶೆನಿನ್ ಬ್ಲಾಂಕ್. ಕೆಂಪಿನಲ್ಲಿ ಒಂದು ಶಿರಾಜ್, ಮತ್ತೆ ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಹದ ಮಾಡಿದ ಒಂದು ಕ್ಯಾಬರ್ನೆ. ಇವೆಲ್ಲ ದ್ರಾಕ್ಷಿ ತಳಿಗಳ ಹೆಸರು. 750 ಮಿ.ಲೀ. ಬಾಟಲಿಯಲ್ಲಿ 30 ಮಿ.ಲೀ.ನಂತೆ 25 ಗುಟುಕು ಸಿಗುತ್ತದೆ. ರುಚಿ ನೋಡುವವರು ಮೂರೇ ಜನ, ಅಷ್ಟು ಧಾರಾಳ ಸಾಕು. ಗಾಡಿ ಓಡಿಸುವ ಗೆಳೆಯ ಮೂರು ದಿನವೂ ಮುಟ್ಟಲಿಲ್ಲ, ಅಕ್ಕ ಕುಡಿಯುವುದೇ ಇಲ್ಲ. ಆದರೆ ಇಡೀ ಮೂರು ದಿನ ಅತಿ ಚುರುಕಾದ ಮೂಗು ಅವಳದ್ದೇ. ಅದನ್ನು ಮುಂದೆ ಹೇಳುತ್ತೇನೆ.

ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ. 2019ರಲ್ಲಿ 244 ಚದರ ಕಿ.ಮೀ. ಪ್ರದೇಶಕ್ಕೆ ಆ ರಕ್ಷಣೆ ಸಿಕ್ಕಿತು. ಅದು ಸುಮ್ನೆ ಸಿಗಲಿಲ್ಲ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು, ಈ ಭಾಗದ ಜನ ಬೀದಿಗಿಳಿದು ಗಣಿಗಾರಿಕೆಯಿಂದ ಉಳಿಸಿಕೊಂಡ ಗುಡ್ಡ ಇದು. ಅದಕ್ಕೇ ನಾವು ಮೊದಲೇ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆವು: ಗುಡ್ಡದೊಳಗೆ ಒಂದು ಹನಿಯೂ ಇಲ್ಲ, ಒಂದು ಬಾಟಲಿಯೂ ಇಲ್ಲ. ವೈನ್ ಏನಿದ್ದರೂ ಸಂಜೆ, ಮನೆಯಲ್ಲಿ. ಎಲ್ಲಿ ನಡೆಯಬಹುದು, ಎಲ್ಲಿ ಕೂಡದು ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡಿದ್ದೆವು. ನೀವೂ ಕೇಳಿಕೊಂಡೇ ಹೋಗಿ.

ನಸುಕಿನಲ್ಲೇ ಮನೆ ಬಿಟ್ಟು ಡೋಣಿ ಊರಿನ ಕಡೆಯಿಂದ ಹತ್ತುತ್ತಿದ್ದೆವು. ಕೆಂಪು ಮಣ್ಣು, ಕಾಲಿಗೆ ಜಾರುವ ಸಣ್ಣ ಕಲ್ಲು, ಮೊಣಕಾಲು ಮುಟ್ಟುವ ಹುಲ್ಲು. ಮೇಲೆ ಗಾಳಿಯಂತ್ರಗಳ ರೆಕ್ಕೆ ಒಂದೇ ಸಮನೆ ತಿರುಗುವ ಸದ್ದು. ದಿನಕ್ಕೆ ಏಳೆಂಟು ಕಿ.ಮೀ.ಗಿಂತ ಜಾಸ್ತಿ ನಡೆಯಲಿಲ್ಲ. ಪ್ರತಿ ಅರ್ಧ ಗಂಟೆಗೆ ನಿಲ್ಲುವುದು, ಕೈಗೆ ಸಿಕ್ಕಿದ್ದನ್ನು ಮೂಗಿನ ಹತ್ತಿರ ಹಿಡಿಯುವುದು. ಗಿಡ ಕೀಳುವಂತಿಲ್ಲ. ಬಿದ್ದ ಎಲೆ, ಒದ್ದೆ ಮಣ್ಣು, ಬಂಡೆಯ ಪಾಚಿ, ಬಿಸಿಲಿಗೆ ಕಾದ ಕಲ್ಲು, ಇಷ್ಟೇ. ಒಂದು ಹುಲ್ಲಿನ ಎಳೆಯನ್ನು ಬೆರಳಲ್ಲಿ ಉಜ್ಜಿದರೆ ನಿಂಬೆ ವಾಸನೆ ಬರುತ್ತಿತ್ತು. ದಾರಿಯಲ್ಲಿ ಬಿರಿದು ಬಿದ್ದಿದ್ದ ಸೀತಾಫಲಕ್ಕೆ ಹುಳಿ ಹತ್ತಿ, ಹಳೇ ಬೆಲ್ಲದ ಗಡಿಗೆಯ ಬಾಯಿ ತೆರೆದ ಹಾಗೆ ಘಮ. ಅಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಎಲ್ಲ ಬರೆಯುತ್ತಾ ಬಂದಳು.

ಆ ನೋಟ್‌ಬುಕ್ಕೇ ನಮ್ಮ ಸಂಜೆಯ ಆಸ್ತಿ ಆಯಿತು. ಬಾಟಲಿಯ ಹಿಂದೆ ಬರೆದಿರುವ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಇವುಗಳನ್ನು ನಮ್ಮಲ್ಲಿ ಯಾರೂ ತಿಂದವರಲ್ಲ. ತಿನ್ನದ ಹಣ್ಣನ್ನು ಲೋಟದಲ್ಲಿ ಹುಡುಕುವುದು ಹೇಗೆ? ನಮ್ಮ ಹಣ್ಣು, ನಮ್ಮ ಮಣ್ಣು, ನಮ್ಮ ಅಡುಗೆಮನೆಯ ಹೆಸರೇ ಹೇಳಬೇಕು ಅಂತ ಮಾಡಿದೆವು.

ಮೊದಲ ಸಂಜೆ ಸೊವಿನ್ಯೋ ಬ್ಲಾಂಕ್ ಸುರಿದೆ. ಅಕ್ಕ ಲೋಟವನ್ನು ಒಂದು ಸುತ್ತು ತಿರುಗಿಸಿ, ಮೂಗು ಒಳಗಿಟ್ಟು, ತಕ್ಷಣ ಹೇಳಿದಳು: "ತಮ್ಮಾ, ಇದು ಹಸಿಮೆಣಸಿನಕಾಯಿ ಮುರದಂಗ ಐತಲ್ಲೋ!" ಅವಳು ಹೇಳಿದ್ದು ಅಕ್ಷರಶಃ ನಿಜ. ದೊಣ್ಣಮೆಣಸಿನಕಾಯಿಗೆ ಆ ಹಸಿ ವಾಸನೆ ಕೊಡುವ ಪೈರಜೀನ್ ಅನ್ನುವ ವಸ್ತುವೇ ಈ ದ್ರಾಕ್ಷಿಯಲ್ಲೂ ಇರುತ್ತದೆ. ಶಿರಾಜ್‌ನಲ್ಲಿ ಅವಳು ಕರಿಮೆಣಸು ಹಿಡಿದಳು. ಅದೂ ಸರಿಯೇ, ಕರಿಮೆಣಸಿನ ಘಮದ ರೋಟಂಡೋನ್ ಶಿರಾಜ್‌ನಲ್ಲೂ ಇದೆ. ಕಾಕಾ ಕೆಂಪು ವೈನ್ ಒಂದು ಗುಟುಕು ಕುಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ನೇರಳೆ ಹಣ್ಣು ತಿಂದ ಮ್ಯಾಲ ನಾಲಿಗಿ ಹೆಂಗ ಹಿಡಕೊಂತೈತಿ, ಹಂಗ ಆತು" ಅಂದರು. ಟ್ಯಾನಿನ್ ಅಂದರೆ ಏನು ಅಂತ ನಾನು ಓದಿದ ಯಾವ ವಿವರಣೆಯೂ ಇಷ್ಟು ಸಲೀಸಾಗಿರಲಿಲ್ಲ. ಒಗರು ಅನ್ನುವ ಮಾತು ನಮ್ಮ ಬಾಯಲ್ಲೇ ಇತ್ತಲ್ವಾ!

ಊಟದ ವಿಷಯದಲ್ಲಿ ಹಿಂದಿನ ಸಲ ಪೆಟ್ಟು ತಿಂದಿದ್ದೆ. ಒಂದು ಏಪ್ರಿಲ್‌ನಲ್ಲಿ ಗೆಳೆಯರನ್ನು ಕರೆದು ಮಿರ್ಚಿ ಭಜಿ, ಕೆಂಪು ಖಾರದ ಜೊತೆ ಕೆಂಪು ವೈನ್ ಕೊಟ್ಟಿದ್ದೆ. ಯಾರೂ ಎರಡನೇ ಗುಟುಕು ಕುಡಿಯಲಿಲ್ಲ. ಖಾರದ ಮೇಲೆ ಆಲ್ಕೋಹಾಲ್ ಮತ್ತು ಒಗರು ಸೇರಿದರೆ ಉರಿ ಜಾಸ್ತಿಯಾಗುತ್ತದೆ. ತಂಪಾದ, ಸ್ವಲ್ಪ ಸಿಹಿ ವೈನ್ ಆದರೆ ಉರಿ ತಗ್ಗುತ್ತದೆ. ಈ ಸಲ ಎಣ್ಣೆಗಾಯಿ ಬದನೆಕಾಯಿಗೆ, ಭಜಿಗೆ ಶೆನಿನ್ ಬ್ಲಾಂಕ್ ಇಟ್ಟೆ. ಕೆಂಪು ವೈನಿಗೆ ಬೆಣ್ಣೆ ಸವರಿದ ಬಿಸಿ ಜೋಳದ ರೊಟ್ಟಿ, ಹುರಿದ ಶೇಂಗಾ, ಖಾರ ಕಡಿಮೆ ಹಾಕಿದ ಝುಣಕ. ಧಾರವಾಡ ಪೇಢೆಯ ಜೊತೆ ಮಾತ್ರ ನಾಲ್ಕರಲ್ಲಿ ಒಂದೂ ಕೂಡಲಿಲ್ಲ. ಪೇಢೆ ತಿಂದು ವೈನ್ ಕುಡಿದರೆ ಬರೀ ಹುಳಿ. ತಿನ್ನುವ ಸಿಹಿಗಿಂತ ವೈನ್ ಸಿಹಿ ಇರಬೇಕು, ಅಷ್ಟು ಸಿಹಿಯದು ನಮ್ಮ ಹತ್ತಿರ ಇರಲಿಲ್ಲ. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಚೊಕ್ಕ ಮಾಡಿಕೊಳ್ಳಲು ಬ್ರೆಡ್ ಬೇಡ, ಖಡಕ್ ರೊಟ್ಟಿ ಸಾಕು. ಉಪ್ಪಿಲ್ಲ, ಎಣ್ಣೆಯಿಲ್ಲ. ಕಾಕಾ ಅದನ್ನು ಟಪ್ಪಂತ ಮುರಿದು ಎಲ್ಲರ ಕೈಗೂ ಒಂದೊಂದು ಚೂರು ಕೊಡುತ್ತಿದ್ದರು.

ಬಿಸಿಲಿನ ಬಗ್ಗೆಯೂ ಎಚ್ಚರ ಇರಲಿ. ಅದೇ ಏಪ್ರಿಲ್‌ನಲ್ಲಿ ಒಂದು ಬಾಟಲಿಯನ್ನು ಮಧ್ಯಾಹ್ನ ಕಾರಿನಲ್ಲೇ ಬಿಟ್ಟಿದ್ದೆ. ಸಂಜೆ ನೋಡಿದರೆ ಕಾರ್ಕ್ ಅರ್ಧ ಬೆರಳು ಮೇಲೆ ಬಂದಿತ್ತು, ವೈನ್ ಬೇಯಿಸಿದ ಹಣ್ಣಿನ ಹಾಗಿತ್ತು. ಕೆಂಪು ವೈನನ್ನು ಕೋಣೆಯ ತಂಪಿನಲ್ಲಿ ಕೊಡಬೇಕು ಅನ್ನುವ ಮಾತು ಚಳಿ ದೇಶದ್ದು. ಅದಕ್ಕೆ ಬೇಕಾದ್ದು 16ರಿಂದ 18 ಡಿಗ್ರಿ. ಗದಗಿನ ಕೋಣೆಯಲ್ಲಿ ಅಷ್ಟು ತಂಪು ಎಲ್ಲಿಂದ ಬರಬೇಕು? ಬಿಳಿಯದನ್ನು ಫ್ರಿಜ್‌ನಲ್ಲಿಟ್ಟೆವು. ಕೆಂಪಿನದಕ್ಕೆ ಒದ್ದೆ ಬಟ್ಟೆ ಸುತ್ತಿ, ನೀರು ತುಂಬಿದ ಮಣ್ಣಿನ ಗಡಿಗೆಯಲ್ಲಿ ಕುತ್ತಿಗೆವರೆಗೆ ಮುಳುಗಿಸಿ, ಗಾಳಿ ಬೀಸುವ ಪಡಸಾಲೆಯಲ್ಲಿಟ್ಟೆವು. ಎರಡು ತಾಸಿನಲ್ಲಿ ಹದಕ್ಕೆ ಬಂತು.

ಎರಡನೇ ಸಂಜೆ ಪೀಪಾಯಿಯ ಕ್ಯಾಬರ್ನೆ ತೆಗೆದೆವು. ಅದರಲ್ಲಿ ಒಂದು ವಾಸನೆ ಯಾರಿಗೂ ಸಿಗಲಿಲ್ಲ. ಹಣ್ಣಲ್ಲ, ಮಸಾಲೆಯಲ್ಲ. ಗೊತ್ತಿರುವುದೇ, ಆದರೆ ಹೆಸರು ಬರುತ್ತಿಲ್ಲ. ನನ್ನ ಹೆಂಡತಿ "ಹೊಸ ಬಾಗಲಾ?" ಅಂದಳು, ಅದೂ ಅಲ್ಲ. ಅಕ್ಕ ನೋಟ್‌ಬುಕ್‌ನಲ್ಲಿ ಒಂದು ಸಾಲು ಖಾಲಿ ಬಿಟ್ಟು ಮುಚ್ಚಿಟ್ಟಳು.

ಮೂರನೇ ದಿನ ಬೆಳಿಗ್ಗೆ ಸ್ನಾನ ಮಾಡಿಕೊಂಡು ಕಪ್ಪತಮಲ್ಲೇಶ್ವರನ ಗುಡಿಗೆ ಹತ್ತಿದೆವು. ದರ್ಶನ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ, ಯಾವುದೋ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಎಲ್ಲರ ಕೈಗೂ ಕೊಬ್ಬರಿ-ಸಕ್ಕರೆ ಹಾಕಿದರು. ನಾವೆಲ್ಲ ಬಾಯಿಗೆ ಹಾಕಿಕೊಂಡೆವು. ಅಕ್ಕ ಮಾತ್ರ ಮೂರು ದಿನದ ರೂಢಿಯಂತೆ ಅಂಗೈಯನ್ನು ಮೂಗಿನ ಹತ್ತಿರ ಹಿಡಿದಳು. ಹಾಗೇ ನಿಂತಳು. ಆಮೇಲೆ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಒಣಕೊಬ್ಬರಿ! ರಾತ್ರಿ ಸಿಗಲಿಲ್ಲಲ್ಲ, ಅದು ಇದ ನೋಡೋ."

ಓಕ್ ಮರ ವೈನಿಗೆ ಕೊಡುವ ಪರಿಮಳಗಳಲ್ಲಿ ಕೊಬ್ಬರಿಯೂ ಒಂದು ಅಂತ ನಾನು ಓದಿದ್ದೆ. ಲೋಟ ಎದುರಿಗಿದ್ದಾಗ ನೆನಪಾಗಿರಲಿಲ್ಲ. ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ತೆಗೆದು, ಖಾಲಿ ಸಾಲು ತುಂಬಿದಳು. ಆಮೇಲೆ ಪ್ರಸಾದ ಬಾಯಿಗೆ ಹಾಕಿಕೊಂಡಳು.