ಹುದ್ದೆ ಬರುವ ಮೊದಲೇ ಸಹಿಯ ಅಧಿಕಾರ: ನನ್ನ ಅನುಭವ

ನಾನು ಹುಬ್ಬಳ್ಳಿಯ ಫಿಸಿಯೊಥೆರಪಿ ಕಾಲೇಜೊಂದರ ಪ್ರಾಂಶುಪಾಲಳಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನಮ್ಮ ಕಾಲೇಜಿನ ಹನ್ನೆರಡು ಮಂದಿ ಇಂಟರ್ನ್‌ಗಳು ನೆರೆ ಜಿಲ್ಲೆಯ ಆಸ್ಪತ್ರೆಯೊಂದರ ಗೇಟಿನ ಮುಂದೆ ಬ್ಯಾಗು ಹಿಡಿದು ನಿಂತಿದ್ದರು. ಅವರನ್ನು ಒಳಗೆ ಬಿಡಲಿಲ್ಲ. ಇಂಟರ್ನ್‌ಗಳ ತರಬೇತಿಗೆಂದು ಆ ಆಸ್ಪತ್ರೆಯೊಂದಿಗೆ ನಮಗಿದ್ದ ಒಡಂಬಡಿಕೆ ಎರಡು ತಿಂಗಳ ಹಿಂದೆಯೇ ಮುಗಿದಿತ್ತು. ಅದನ್ನು ನವೀಕರಿಸಬೇಕಾದವಳು ನಾನೇ ಎಂಬುದು ಆ ಬೆಳಿಗ್ಗೆ ಗೊತ್ತಾಯಿತು. ಹದಿನೆಂಟು ವರ್ಷ ಪಾರ್ಶ್ವವಾಯು ಪೀಡಿತರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದವಳು ನಾನು. ಭುಜದ ಕೀಲು ಎಷ್ಟು ಡಿಗ್ರಿ ಏಳುತ್ತದೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದೆ. ಒಡಂಬಡಿಕೆಯ ಕಡತ ಯಾವ ಕಪಾಟಿನಲ್ಲಿದೆ ಎಂದು ಕೇಳಿದರೆ ಮಾತ್ರ ಉತ್ತರವಿರಲಿಲ್ಲ.

ಆ ಮಕ್ಕಳು ಬಸ್ಸು ಹಿಡಿದು ಹುಬ್ಬಳ್ಳಿಗೆ ಮರಳಿ ಬಂದು ನನ್ನ ಕೋಣೆಯ ಹೊರಗೆ ನಿಂತದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಒಬ್ಬರೂ ಸಿಟ್ಟಾಗಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ನಮ್ಮಲ್ಲಿ ಫಿಸಿಯೊಥೆರಪಿಸ್ಟ್ ಆಡಳಿತಕ್ಕೆ ಬರುವ ದಾರಿ ಬಹುತೇಕ ಒಂದೇ. ಫಿಸಿಯೊಥೆರಪಿ ಪದವಿಯಾದ ಬಿಪಿಟಿ, ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಪಿಟಿ, ಆಮೇಲೆ ಪಾಠ ಮತ್ತು ಓಪಿಡಿ, ಅಂದರೆ ಹೊರರೋಗಿ ವಿಭಾಗ. ಒಂದು ದಿನ ಹಿರಿಯರು ನಿವೃತ್ತರಾಗುತ್ತಾರೆ. ಸೇವಾ ಹಿರಿತನದ ಪಟ್ಟಿಯಲ್ಲಿ ಮುಂದಿನ ಹೆಸರು ನಮ್ಮದಾಗಿರುತ್ತದೆ. ಹಾರ ಹಾಕುತ್ತಾರೆ, ಕುರ್ಚಿ ತೋರಿಸುತ್ತಾರೆ. ಮರುದಿನದಿಂದ ವಿಶ್ವವಿದ್ಯಾಲಯದ ತಪಾಸಣಾ ಸಮಿತಿ, ಆಯವ್ಯಯ, ಶಿಕ್ಷಕರ ರಜೆ, ಪಾಲಕರ ದೂರು ಎಲ್ಲವೂ ಒಟ್ಟಿಗೆ ಮೇಜಿನ ಮೇಲೆ ಬಂದು ಬೀಳುತ್ತವೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವರನ್ನು ಮೊದಲ ದಿನವೇ ಯಾವ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತಿಸುವ ಫಿಸಿಯೊಥೆರಪಿಸ್ಟ್ ಯಾರೂ ಇಲ್ಲ. ನಮ್ಮದೇ ಶಿಕ್ಷಕರ ವಿಷಯದಲ್ಲಿ ಮಾತ್ರ ನಾವು ಅದನ್ನೇ ಮಾಡುತ್ತ ಬಂದಿದ್ದೇವೆ.

ನನಗೆ ಕಲಿಸಿದವರು ನಮ್ಮ ಕಚೇರಿಯ ಸೂಪರಿಂಟೆಂಡೆಂಟರು. ಕಾಲೇಜಿನಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಗೇಟಿನ ಪ್ರಸಂಗದ ಮರುದಿನ ಸಂಜೆ ಅವರ ಮೇಜಿನ ಎದುರು ಕುಳಿತು, "ಕಾಕಾ, ಮೊದಲಿನಿಂದ ಹೇಳಿಕೊಡಿ" ಎಂದೆ. ಬರುವ ಕಾಗದಗಳ ಆವಕ ಪುಸ್ತಕ, ಹೋಗುವ ಕಾಗದಗಳ ಜಾವಕ ಪುಸ್ತಕ, ಸಭೆಯ ನಡವಳಿ, ದರಪಟ್ಟಿಗಳ ತುಲನೆ ಎಲ್ಲವನ್ನೂ ಒಂದೊಂದಾಗಿ ತೆರೆದಿಟ್ಟರು. "ಮೇಡಂ, ನೀವು ಊರಲ್ಲಿ ಇಲ್ಲದಾಗಲೂ ಕಾಗದ ನಿಮ್ಮ ಪರವಾಗಿ ಮಾತನಾಡಬೇಕು" ಎಂದು ಅವರು ಹೇಳಿದ್ದನ್ನು ಆಮೇಲೆ ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ನಾನು ಕಲಿತದ್ದು ನನ್ನೊಂದಿಗೇ ನಿವೃತ್ತವಾಗಬಾರದು ಎಂಬ ಹಟ ಆಗಲೇ ಹುಟ್ಟಿತು. ಹುಡುಕುತ್ತ ಹೋದಾಗ ಅಮೆರಿಕದ ಫಿಸಿಕಲ್ ಥೆರಪಿ ಸಂಘ ಶಿಕ್ಷಕರನ್ನು ಆಡಳಿತಕ್ಕೆ ಸಜ್ಜುಗೊಳಿಸಲೆಂದೇ ಒಂದು ವರ್ಷದ ಫೆಲೋಶಿಪ್ ನಡೆಸುವುದು ತಿಳಿಯಿತು. ಆನ್‌ಲೈನ್ ಪಾಠಗಳ ಜೊತೆಗೆ ಹಿರಿಯರ ಮಾರ್ಗದರ್ಶನವೂ ಇರುತ್ತದೆ. ಅಭ್ಯರ್ಥಿಯು ತನ್ನದೇ ಸಂಸ್ಥೆಯಲ್ಲಿ ಒಂದು ನಿಜವಾದ ಯೋಜನೆಯನ್ನು ಮಾಡಿಯೂ ತೋರಿಸಬೇಕು. ಅಲ್ಲಿಯ ಹಣ, ಅಲ್ಲಿಯ ವ್ಯವಸ್ಥೆ ನಮಗೆ ಎಟುಕುವಂಥದ್ದಲ್ಲ. ಆದರೆ ಆ ಕೊನೆಯ ಅಂಶ, ನಿಜವಾದ ಕೆಲಸವನ್ನು ಕೈಗೆ ಕೊಡುವುದು, ಅದಕ್ಕೆ ದುಡ್ಡು ಬೇಕಿರಲಿಲ್ಲ.

ಮೂವರು ಶಿಕ್ಷಕರಿಂದ ಆರಂಭಿಸಿದೆ. ವಾರಕ್ಕೊಂದು ಮಧ್ಯಾಹ್ನ ಅವರು ಕಚೇರಿಯಲ್ಲಿ ಕಾಕಾ ಪಕ್ಕದಲ್ಲಿ ಕುಳಿತು ಹಳೆಯ ಕಡತಗಳನ್ನು ಓದಬೇಕು. ಯಾವ ಪ್ರಸ್ತಾವ ಏಕೆ ಮರಳಿ ಬಂತು ಎಂದು ಹುಡುಕಬೇಕು. ಮೊದಲ ತಿಂಗಳು ಅವರಿಗೆ ಅದು ಶಿಕ್ಷೆಯಂತೆ ಕಂಡಿತು. ಎಲುಬು–ಕೀಲು ವಿಭಾಗದ ಯುವ ಶಿಕ್ಷಕರೊಬ್ಬರು ಮೇಣದ ಶಾಖದ ಯಂತ್ರಕ್ಕಾಗಿ ಬರೆದ ಮೊದಲ ಟಿಪ್ಪಣಿ ಒಂದೇ ಸಾಲಿನದು: ವಿಭಾಗಕ್ಕೆ ತುರ್ತಾಗಿ ಬೇಕಾಗಿದೆ, ದಯವಿಟ್ಟು ಮಂಜೂರು ಮಾಡಿ. ನಾನು ಮರಳಿಸಿದೆ. ಎರಡನೆಯದನ್ನೂ ಮರಳಿಸಿದೆ. ಮೂರನೆಯದರಲ್ಲಿ ಬೆಟಗೇರಿಯಿಂದ ಬರುವ ನೇಕಾರರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಕಾಣಿಸಿಕೊಂಡರು. ಬೆರಳು ಬಿಗಿದುಕೊಂಡ ಅಂಥವರು ತಿಂಗಳಿಗೆ ಎಷ್ಟು ಮಂದಿ ಬರುತ್ತಾರೆ, ಹಳೆಯ ಯಂತ್ರ ಎಷ್ಟು ದಿನ ಕೆಟ್ಟು ಕುಳಿತಿತ್ತು, ಹೊಸದರ ಬೆಲೆ ಎಷ್ಟು, ಅದು ಬಾರದಿದ್ದರೆ ವಿದ್ಯಾರ್ಥಿಗಳ ಯಾವ ಪ್ರಾಯೋಗಿಕ ಪಾಠ ತಪ್ಪುತ್ತದೆ ಎಂಬುದೆಲ್ಲ ಒಂದೇ ಪುಟದಲ್ಲಿತ್ತು. ಆಡಳಿತ ಮಂಡಳಿ ಅದನ್ನು ಒಂದೇ ಸಭೆಯಲ್ಲಿ ಒಪ್ಪಿತು. ರೋಗಿಯ ಕೇಸ್ ಶೀಟು ಚೆನ್ನಾಗಿ ಬರೆಯಬಲ್ಲವರಿಗೆ ಟಿಪ್ಪಣಿ ಬರೆಯುವುದು ಹೊಸ ವಿದ್ಯೆಯಲ್ಲ ಎಂದು ಅವರಿಗೆ ಮನದಟ್ಟಾದದ್ದು ಆ ದಿನ.

ಹಣದ ಪಾಠ ಇಷ್ಟು ಸುಲಭವಾಗಲಿಲ್ಲ. ಪ್ರತಿ ವಿಭಾಗಕ್ಕೆ ವರ್ಷಕ್ಕೆ 40,000 ರೂಪಾಯಿ, ವಿಭಾಗದವರದೇ ಸಹಿಯಲ್ಲಿ ಖರ್ಚು ಮಾಡುವ ಅಧಿಕಾರ. ಇದನ್ನು ಮಂಡಳಿಯಿಂದ ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಆಮೇಲೆ ನೋಡಿದರೆ ಒಬ್ಬ ಶಿಕ್ಷಕಿ ಮಾರ್ಚ್ 31ರವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಿರಲಿಲ್ಲ. ಕರೆದು ಕೇಳಿದೆ. "ತಪ್ಪಾದರೆ ಏನು ಗತಿ ಮೇಡಂ?" ಎಂದರು. ರೋಗಿಗೆ ನೋವಾಗಬಾರದು ಎಂಬ ಎಚ್ಚರ ನಮ್ಮ ವೃತ್ತಿಯಲ್ಲಿ ಮೈಗೂಡಿರುತ್ತದೆ. ಹಣದ ಮುಂದೆ ಅದೇ ಎಚ್ಚರ ಹೆದರಿಕೆಯಾಗಿ ಕೈ ಕಟ್ಟಿಹಾಕುತ್ತದೆ. ಮರುವರ್ಷ ಅವರೊಂದಿಗೆ ಕುಳಿತು, ಏಪ್ರಿಲ್‌ನಲ್ಲೇ ತಿಂಗಳವಾರು ಪಟ್ಟಿ ಮಾಡಿಸಿದೆ. ಮೊದಲ ಖರೀದಿ ಕೀಲಿನ ಕೋನ ಅಳೆಯುವ ಗೋನಿಯೋಮೀಟರುಗಳದು, ಚಿಕ್ಕ ಮೊತ್ತ. ಅವರ ಕೈ ನಡುಗುವುದು ನಿಂತಿತು.

ಇನ್ನೊಂದು ಕಷ್ಟದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ನಿನ್ನೆಯವರೆಗೆ ಒಂದೇ ಡಬ್ಬಿಯಲ್ಲಿ ರೊಟ್ಟಿ ಹಂಚಿಕೊಂಡು ಉಂಡ ಗೆಳತಿಗೆ ಇಂದು ತಡವಾಗಿ ಬಂದದ್ದೇಕೆ ಎಂದು ಕೇಳಬೇಕಾಗುತ್ತದೆ. ನಮ್ಮ ಮೂವರಿಗೂ ಇದನ್ನು ಬಾಗಿಲು ಮುಚ್ಚಿ ಅಭ್ಯಾಸ ಮಾಡಿಸಿದೆ: ಒಬ್ಬರು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದು ದಿನವೂ ತಡಮಾಡುವ ಶಿಕ್ಷಕ, ಇನ್ನೊಬ್ಬರು ಮುಖ್ಯಸ್ಥೆ. ರೋಗಿಯ ಇತಿಹಾಸ ಕೇಳುವಂತೆಯೇ ಕೇಳಿ, ಎಂದಿನಿಂದ, ಯಾವಾಗ ಹೆಚ್ಚು, ಮನೆಯಲ್ಲಿ ಏನು ಬದಲಾಗಿದೆ ಎಂದು ಹೇಳಿಕೊಟ್ಟೆ. ಕೇಳಿದ ಮೇಲೆ ಗುರಿಯನ್ನೂ ದಿನಾಂಕವನ್ನೂ ಬರೆದುಕೊಳ್ಳಬೇಕು. ಬರಿಯ ಸಾಂತ್ವನದಿಂದ ಕೀಲು ಸಡಿಲಾಗುವುದಿಲ್ಲ.

2021ರಲ್ಲಿ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. 2025ರಲ್ಲಿ ಆಯೋಗದ ಹೊಸ ಪಠ್ಯಕ್ರಮ. ನಾಲ್ಕೂವರೆ ವರ್ಷದ ಬಿಪಿಟಿ ಅದರಂತೆ ಐದು ವರ್ಷವಾಗುತ್ತದೆ, ಆರು ತಿಂಗಳ ಇಂಟರ್ನ್‌ಶಿಪ್ ಒಂದು ವರ್ಷವಾಗುತ್ತದೆ. ಪತ್ರಿಕೆಯಲ್ಲಿ ಓದಿದರೆ ಒಂದೇ ಸಾಲು. ಆ ಸಾಲನ್ನು ನಾನು ಮೂವರ ಕೈಗೆ ಕೊಟ್ಟು, ನಮ್ಮ ಕಾಲೇಜಿಗೆ ಇದರಿಂದ ಏನಾಗುತ್ತದೆ ಎಂದು ಬರೆದುಕೊಂಡು ಬನ್ನಿ ಎಂದೆ. ಹದಿನೈದು ದಿನ ಬಿಟ್ಟು ಗೋಡೆಯಷ್ಟು ದೊಡ್ಡ ಹಾಳೆಯೊಂದಿಗೆ ಬಂದರು. ಒಂದೇ ಕಾಲಕ್ಕೆ ಆಸ್ಪತ್ರೆಗಳಲ್ಲಿರುವ ಇಂಟರ್ನ್‌ಗಳ ಸಂಖ್ಯೆ ಎರಡರಷ್ಟಾಗುತ್ತದೆ. ಅವರ ಮೇಲ್ವಿಚಾರಣೆಗೆ ಯಾರು? ಗದಗ, ಹಾವೇರಿಗೆ ಹೋಗುವವರ ವಸತಿ ಎಲ್ಲಿ? ಹಾಳೆಯ ಬಲಗಡೆಯ ಕಾಲಮ್ಮಿನಲ್ಲಿ ಪ್ರತಿ ಆಸ್ಪತ್ರೆಯ ಒಡಂಬಡಿಕೆ ಮುಗಿಯುವ ದಿನಾಂಕವಿತ್ತು, ಅದರ ಪಕ್ಕದಲ್ಲಿ ಆರು ತಿಂಗಳು ಮೊದಲಿನ ಇನ್ನೊಂದು ದಿನಾಂಕ: ನವೀಕರಣದ ಪತ್ರ ಹೋಗಬೇಕಾದ ದಿನ. ಗೇಟಿನ ಕಥೆಯನ್ನು ನಾನು ಅವರಿಗೆ ಹೇಳಿರಲಿಲ್ಲ. ಕಾಕಾ ಹೇಳಿರಬೇಕು.

ವಾರಕ್ಕೆ ಎರಡು ಬೆಳಿಗ್ಗೆ ನಾನು ಓಪಿಡಿ ಬಿಡಲಿಲ್ಲ. ರೋಗಿಯನ್ನು ಮುಟ್ಟದ ಪ್ರಾಂಶುಪಾಲರಿಗೆ ವಿಭಾಗದ ಕಷ್ಟ ಕಾಗದದ ಮೇಲಷ್ಟೇ ಕಾಣುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಆ ಎರಡು ಬೆಳಿಗ್ಗೆ ಕಚೇರಿಯ ಸಹಿ ಮೂವರಲ್ಲಿ ಒಬ್ಬರದು.

ಕೊನೆಗೆ ಹದಿನೈದು ದಿನ ರಜೆ ಹಾಕಿ, ಮೂವರಲ್ಲಿ ಕಿರಿಯರಿಗೆ ಲಿಖಿತವಾಗಿ ಪ್ರಭಾರ ವಹಿಸಿಕೊಟ್ಟೆ. ಹತ್ತರಿಂದ ಐದರವರೆಗೆ ಮೊಬೈಲ್ ಬಂದ್. ಧಾರವಾಡದ ಮನೆಯಲ್ಲಿ ಕುಳಿತು ಆ ಏಳು ಗಂಟೆಗಳನ್ನು ಕಳೆಯುವುದು ನಾನು ಮಾಡಿದ ಅತಿ ಕಷ್ಟದ ಕೆಲಸ. ರೋಗಿ ಮೊದಲ ಸಲ ತಾನೇ ಹೆಜ್ಜೆ ಇಡುವಾಗ ಸೊಂಟದ ಬೆಲ್ಟಿನಿಂದ ಕೈ ತೆಗೆಯಬೇಕು. ಹತ್ತಿರವೇ ನಿಂತಿರಬೇಕು, ಹಿಡಿಯಬಾರದು.

ಮರಳಿ ಬಂದಾಗ ಮೇಜಿನ ಮೇಲೆ ಒಂದು ಕಡತವಿತ್ತು. ಹಾಜರಾತಿ ಸಾಲದ ವಿದ್ಯಾರ್ಥಿಯೊಬ್ಬನ ತಾಯಿ ರಾಣೆಬೆನ್ನೂರಿನಿಂದ ಬಂದು ಪಡಸಾಲೆಯಲ್ಲಿ ಕುಳಿತು ಅತ್ತಿದ್ದರು. ನಾನಾಗಿದ್ದರೆ ಕರಗಿ, ಎಲ್ಲಾದರೂ ಸಂದು ಇದೆಯೇ ಎಂದು ಹುಡುಕುತ್ತಿದ್ದೆ. ಪ್ರಭಾರದಲ್ಲಿದ್ದವರು ನಿಯಮವನ್ನು ಸ್ಪಷ್ಟವಾಗಿ ಹೇಳಿ ಪರೀಕ್ಷೆಗೆ ಅನುಮತಿ ನಿರಾಕರಿಸಿದ್ದರು. ಅದೇ ದಿನ ಒಂದು ಗಂಟೆ ಆ ತಾಯಿಯೊಂದಿಗೂ ಹುಡುಗನೊಂದಿಗೂ ಕುಳಿತು, ಮುಂದಿನ ಪರೀಕ್ಷೆಯವರೆಗಿನ ಆರು ತಿಂಗಳಿಗೆ ವಾರವಾರದ ವೇಳಾಪಟ್ಟಿಯನ್ನೂ ಬರೆದುಕೊಟ್ಟಿದ್ದರು. ಅದರ ಪ್ರತಿ ಕಡತದಲ್ಲಿತ್ತು. ಎರಡು ಸಲ ಓದಿದೆ. ಯಾವ ಷರಾ ಬರೆಯದೆ ಸಹಿ ಹಾಕಿದೆ.