ಲಬ್ ಯಾವುದು, ಡಪ್ ಯಾವುದು: ವಿದ್ಯಾರ್ಥಿಗಳಿಗೆ ಹೃದಯದ ಸದ್ದು ಕಲಿಸುವ ಕ್ರಮ

ವಾರ್ಡಿಗೆ ಬಂದ ಮೊದಲ ವಾರವೇ ವೈದ್ಯಕೀಯ ವಿದ್ಯಾರ್ಥಿಗಳು ಮರ್ಮರ್ (ರಕ್ತದ ಹರಿವು ಕದಡಿದಾಗ ಹೃದಯದಲ್ಲಿ ಏಳುವ ಸುಯ್ ಎನ್ನುವ ಸದ್ದು) ಕೇಳಬೇಕು ಅನ್ನುತ್ತಾರೆ. ಅವಸರ ಪಡಬೇಡಿ. ಮರ್ಮರ್ ಗುರುತಿಸಲಾಗದೆ ಒದ್ದಾಡುವವರಲ್ಲಿ ಹೆಚ್ಚಿನವರಿಗೆ ಕಿವಿ ಚೆನ್ನಾಗಿಯೇ ಇರುತ್ತದೆ. ಎಸ್1 (ಲಬ್, ಬಡಿತದ ಮೊದಲ ಸದ್ದು) ಯಾವುದು, ಎಸ್2 (ಡಪ್, ಎರಡನೆಯದು) ಯಾವುದು ಎಂಬುದೇ ಗೊತ್ತಿರುವುದಿಲ್ಲ. ಅದು ಗಟ್ಟಿಯಾಗುವ ತನಕ ಮುಂದಿನ ಪಾಠ ಬೇಡ.

ಮೊದಲು ಜಾಗ ನೋಡಿಕೊಳ್ಳಿ. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಸದ್ದೇ ದೊಡ್ಡ ತೊಡಕು. ಮಳೆ ಜೋರಾಗಿ ಹೊಯ್ಯುತ್ತಿರುವಾಗ ಎಸ್3 (ಎಸ್2ರ ನಂತರದ ಮೆಲುಸದ್ದು), ಎಸ್4 (ಎಸ್1ರ ಮುಂಚಿನದು) ಕಲಿಸಲು ಹೋದರೆ ಸಮಯ ದಂಡ. ಬೇಸಿಗೆಯಲ್ಲಿ ಫ್ಯಾನ್ ಆರಿಸಲೇಬೇಕು, ಆದರೆ ಕರಾವಳಿಯ ಸೆಖೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ರೋಗಿಯನ್ನು ಹಾಗೆ ಮಲಗಿಸುವುದು ಸರಿಯಲ್ಲ. ಓಪಿಡಿ ಗದ್ದಲ ಶುರುವಾಗುವ ಮೊದಲಿನ ಬೆಳಗಿನ ಹೊತ್ತು ಒಳ್ಳೆಯದು. ಬೆವರನ್ನು ಹತ್ತಿಯಿಂದ ಒರೆಸಿ. ಎದೆಯ ಕೂದಲು ಸ್ಟೆತಸ್ಕೋಪಿನ ಚಪ್ಪಟೆ ಮುಖವಾದ ಡಯಾಫ್ರಮ್‌ಗೆ ಉಜ್ಜಿದರೆ ಶ್ವಾಸಕೋಶದ ಕ್ರೆಪ್ಸ್ (ಚಟಪಟ ಸದ್ದು) ತರಹ ಕೇಳಿಸುತ್ತದೆ. ಅಲ್ಲಿ ಚೂರು ನೀರು ಸವರಿದರೆ ಸಾಕು. ಬಟ್ಟೆಯ ಮೇಲಿಂದ ಎಂದೂ ಕೇಳಿಸಬೇಡಿ.

ಸ್ಟೆತಸ್ಕೋಪಿನ ಇಯರ್‌ಪೀಸ್ ಮೂಗಿನ ಕಡೆಗೆ ವಾಲಿರಬೇಕು. ಹಿಂದುಮುಂದಾದರೆ ರಬ್ಬರ್ ತುದಿ ಕಿವಿಯ ಗೋಡೆಗೆ ತಾಗಿ ಸದ್ದು ಅರ್ಧ ಸಾಯುತ್ತದೆ. ಡಯಾಫ್ರಮ್ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಲಿ. ಕೇಳಿಸದಿದ್ದರೆ ಸ್ಟೆತಸ್ಕೋಪಿನ ತಲೆ ಬೆಲ್ (ಇನ್ನೊಂದು ಬದಿಯ ಗಂಟೆಯಾಕಾರದ ಮುಖ) ಕಡೆಗೆ ತಿರುಗಿದೆ ಎಂದರ್ಥ. "ಸರ್, ತುಂಬ ಸಣ್ಣಗೆ ಕೇಳಿಸ್ತಿದೆ" ಅನ್ನುವವರಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಮೊದಲ ಪಾಠ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಮಾಡಲಿ. ಪಕ್ಕೆಲುಬನ್ನು ಕಾಲರ್ ಬೋನಿನಿಂದ ಎಣಿಸಿದರೆ ತಪ್ಪುತ್ತದೆ, ಯಾಕೆಂದರೆ ಮೊದಲ ಪಕ್ಕೆಲುಬು ಅದರ ಅಡಿಯಲ್ಲಿ ಅಡಗಿರುತ್ತದೆ. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಉಬ್ಬಿನಿಂದ ಪಕ್ಕಕ್ಕೆ ಸರಿದರೆ ಎರಡನೇ ಪಕ್ಕೆಲುಬು. ಅದರ ಕೆಳಗಿನ ಸಂದೇ ಎರಡನೇ ಸಂದು. ಬಲಕ್ಕೆ ಅಯೋರ್ಟಿಕ್ ಕವಾಟದ ಸದ್ದು ಕೇಳುವ ಜಾಗ, ಎಡಕ್ಕೆ ಪಲ್ಮನರಿ ಕವಾಟದ್ದು. ಎಡ ಅಂಚಿನಲ್ಲೇ ಇಳಿದು ನಾಲ್ಕನೇ ಸಂದಿನಲ್ಲಿ ಟ್ರೈಕಸ್ಪಿಡ್, ಐದನೇ ಸಂದಿನಲ್ಲಿ ಕಾಲರ್ ಬೋನಿನ ನಡುವಿನಿಂದ ಇಳಿದ ಗೆರೆಯ ಹತ್ತಿರ ಮೈಟ್ರಲ್.

ಈಗ ಡಯಾಫ್ರಮ್ ಮೈಟ್ರಲ್ ಜಾಗದಲ್ಲಿರಲಿ, ಇನ್ನೊಂದು ಕೈಯ ಎರಡು ಬೆರಳು ಕುತ್ತಿಗೆಯ ಒಂದೇ ಬದಿಯ ಕೆರೋಟಿಡ್ ನಾಡಿಯ ಮೇಲೆ ಹಗುರವಾಗಿರಲಿ. ನಾಡಿ ಏಳುವ ಹೊತ್ತಿಗೆ ಕೇಳಿಸುವುದು ಎಸ್1. ಮಣಿಕಟ್ಟಿನ ನಾಡಿ ಹಿಡಿಯಲು ಬಿಡಬೇಡಿ, ಅಲೆ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ವಿದ್ಯಾರ್ಥಿ ಕಣ್ಣುಮುಚ್ಚಿ, ನಾಡಿ ಬಿಟ್ಟು, ಪ್ರತಿ ಎಸ್1ಗೂ ತೋರುಬೆರಳೆತ್ತಲಿ; ಕೆರೋಟಿಡ್ ಈಗ ನಿಮ್ಮ ಕೈಯಲ್ಲಿರಲಿ. ಬೆರಳು ಎಸ್2ಗೆ ಏಳುತ್ತಿದ್ದರೆ ಆ ಕ್ಷಣವೇ ಗೊತ್ತಾಗುತ್ತದೆ. ಮೆಟ್ಟಿಲು ಹತ್ತಿ ಬಂದವರ ಮೇಲೆ ಇದನ್ನು ಶುರುಮಾಡಬೇಡಿ: ಬಡಿತ 100 ದಾಟಿದರೆ ಡಯಾಸ್ಟೊಲಿ (ಹೃದಯ ಸಡಿಲಗೊಳ್ಳುವ ಹೊತ್ತು) ಕುಗ್ಗಿ ಎರಡು ಬಿಡುವೂ ಒಂದೇ ಅಳತೆಯಂತೆ ಕೇಳಿಸುತ್ತವೆ. ಆಮೇಲೆ ಸ್ಟೆತಸ್ಕೋಪನ್ನು ಇಂಚಿಂಚಾಗಿ ಮೇಲಕ್ಕೆ ಸರಿಸುತ್ತ, ಎಸ್2 ಎಲ್ಲಿ ಎಸ್1ಗಿಂತ ಜೋರಾಯಿತು ಎಂದು ಅವರೇ ಹೇಳಲಿ.

ಎಸ್2 ಎರಡಾಗಿ ಒಡೆಯುವುದನ್ನು ಎಡ ಎರಡನೇ ಸಂದಿನಲ್ಲಿ ತೋರಿಸಿ. ಉಸಿರಾಟ ಸಹಜವಾಗಿರಲಿ, ಜೋರಾಗಿ ಎಳೆದರೆ ಉಸಿರಿನ ಸದ್ದೇ ಎಲ್ಲವನ್ನೂ ಮುಚ್ಚುತ್ತದೆ. ಮೇಜಿನ ಮೇಲೆ ಒಂದು ಬೆರಳಿನಿಂದ ಬಡಿದು, ಮತ್ತೆ ಎರಡು ಬೆರಳನ್ನು ಚೂರು ಹಿಂದುಮುಂದಾಗಿ ಬಡಿದು ತೋರಿಸಿದರೆ ವ್ಯತ್ಯಾಸ ಕಿವಿಗೆ ಹತ್ತುತ್ತದೆ. ಉಸಿರು ಒಳಗೆ ಹೋದಾಗ ಎರಡು, ಹೊರಗೆ ಬಂದಾಗ ಒಂದು. ಮಲಗಿದ ಯುವಕರಲ್ಲಿ ಉಸಿರು ಬಿಟ್ಟಾಗಲೂ ಒಡಕು ಉಳಿಯಬಹುದು. ಎಬ್ಬಿಸಿ ಕೂರಿಸಿದರೆ ಹೋಗುತ್ತದೆ. ಕೂತರೂ, ಉಸಿರು ಹೇಗಿದ್ದರೂ ಅಷ್ಟೇ ಅಂತರ ಇದ್ದರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ತೂತು, ಅಂದರೆ ಎಎಸ್‌ಡಿ ನೆನಪಾಗಬೇಕು.

ಎಸ್3, ಎಸ್4ಗೆ ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಮೈಟ್ರಲ್ ಜಾಗದಲ್ಲಿ ಬೆಲ್ಲನ್ನು ಗಾಳಿ ನುಸುಳದಷ್ಟು ಮಾತ್ರ ಮುಟ್ಟಿಸಿ. ಒತ್ತಿದರೆ ಅಡಿಯ ಚರ್ಮ ಬಿಗಿದು ತಾನೇ ಡಯಾಫ್ರಮ್ ಆಗುತ್ತದೆ, ಕೆಳಸ್ತರದ ಸದ್ದು ಮಾಯವಾಗುತ್ತದೆ. ಈ ತಪ್ಪನ್ನೇ ಪರೀಕ್ಷೆಯಾಗಿ ಬಳಸಿ: ಒಂದೇ ಜಾಗದಲ್ಲಿ ಒತ್ತಿ, ಸಡಿಲಿಸಿ, ಮತ್ತೆ ಒತ್ತಿ. ಎಸ್1ರ ಮುಂಚಿನ ಸದ್ದು ಒತ್ತಿದಾಗ ಹೋದರೆ ಎಸ್4, ಹೋಗದಿದ್ದರೆ ಬಹುಶಃ ಎಸ್1ರದೇ ಒಡಕು. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲ್ಕೋಣೆಗಳು ಕ್ರಮ ತಪ್ಪಿ ಅದುರುವುದು) ಇದ್ದವರಲ್ಲಿ ಎಸ್4 ಇರುವುದೇ ಇಲ್ಲ. ಇಪ್ಪತ್ತರ ಹರೆಯದವರಲ್ಲಿ ಎಸ್3 ಸಹಜ ಇರಬಹುದು, ಅರವತ್ತು ದಾಟಿದವರಲ್ಲಿ ಹಾಗೆಂದು ಬಿಡುವಂತಿಲ್ಲ.

ಕೊನೆಗೆ ಮರ್ಮರ್. ರೋಗದ ಹೆಸರು ಮೊದಲೇ ಹೇಳಿಬಿಟ್ಟರೆ ಎಲ್ಲರಿಗೂ ಅದೇ ಕೇಳಿಸುತ್ತದೆ. ಕೇಸ್ ಶೀಟ್ ಮುಚ್ಚಿಡಿ. "ಮರ್ಮರ್ ಕೇಳಿಸಿತಾ?" ಬೇಡ. ಎಸ್1 ಹೇಗಿದೆ, ಎಸ್2 ಹೇಗಿದೆ, ನಡುವೆ ಏನಿದೆ, ಎಸ್2 ಆದಮೇಲೆ ಏನಿದೆ ಎಂದು ಒಂದೊಂದಾಗಿ ಕೇಳಿ. ಅಯೋರ್ಟಿಕ್ ಕವಾಟದ ಸೋರಿಕೆಯ ಮರ್ಮರ್ ಕೇಳಲು ರೋಗಿ ಕೂತು ಮುಂದಕ್ಕೆ ಬಾಗಲಿ, "ಅಮ್ಮಾ, ಉಸಿರು ಪೂರಾ ಬಿಟ್ಟು ಹಾಗೇ ತಡೀರಿ" ಎಂದು ಹೇಳಿ, ಎಡ ಮೂರನೇ ಸಂದಿನಲ್ಲಿ ಡಯಾಫ್ರಮ್ ಗಟ್ಟಿಯಾಗಿ ಒತ್ತಿ. ವಿದ್ಯಾರ್ಥಿಯೂ ಜೊತೆಗೇ ಉಸಿರು ತಡೆಯಲಿ, ಆಗ ಎಷ್ಟು ಹೊತ್ತು ನಿಲ್ಲಿಸಬೇಕೆಂದು ತಾನೇ ಗೊತ್ತಾಗುತ್ತದೆ. ಇಲ್ಲಿ ಕೊಂಕಣಿ ಮನೆಮಾತಿನವರು ಬಹಳ. ಈ ಎರಡು ಸೂಚನೆಗಳನ್ನು ಕೊಂಕಣಿಯಲ್ಲೂ ಕಲಿತಿರಬೇಕು. ಹೆಂಗಸರಾದರೆ ಪರದೆ, ಜೊತೆಗೆ ನರ್ಸ್, ಮೊದಲೇ ಒಪ್ಪಿಗೆ. ಒಬ್ಬ ರೋಗಿಗೆ ಮೂವರು ವಿದ್ಯಾರ್ಥಿಗಳು, ಅಷ್ಟೇ.

ಮನೆಯಲ್ಲಿ ರೆಕಾರ್ಡಿಂಗ್ ಕೇಳುವವರಿಗೆ ಹೆಡ್‌ಫೋನ್ ಕಡ್ಡಾಯ ಮಾಡಿ. ಎಸ್3ರ ಕಂಪನ 50 ಹರ್ಟ್ಸ್ ಆಸುಪಾಸಿನದು, ಫೋನಿನ ಸಣ್ಣ ಸ್ಪೀಕರ್‌ನಿಂದ ಅದು ಹೊರಗೇ ಬರುವುದಿಲ್ಲ.