ತೊಗರಿ ಹಿಡಿದು ಜಗತ್ತು ಓದಿದೆ: ನನ್ನ ಅನುಭವ

ಕೆಎಎಸ್ ಪರೀಕ್ಷೆಯ ಪ್ರಚಲಿತ ವಿದ್ಯಮಾನಕ್ಕೆ ಅಂತ ಕೋಚಿಂಗ್, ಆ್ಯಪ್, ಮಾಸಪತ್ರಿಕೆಗಳಿಗೆ ಹದಿನೈದು ಸಾವಿರದಷ್ಟು ಸುರಿದೆ. ನ್ಯಾಟೊ, ಬ್ರಿಕ್ಸ್, ಒಪೆಕ್ ಎಲ್ಲ ಬಾಯಿಪಾಠ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೆ ಮಾತ್ರ ತಬ್ಬಿಬ್ಬು. ಕೊನೆಗೆ ಅದೆಲ್ಲ ಬಿಟ್ಟು ತೊಗರಿಯೊಂದನ್ನೇ ಹಿಡಿದೆ. ಕಲಬುರಗಿ ಗಂಜ್‌ನ (ಧಾನ್ಯ ಮಾರುಕಟ್ಟೆ) ಅಡತಿ ಅಂಗಡಿಯಲ್ಲಿ, ಅಂದರೆ ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವಲ್ಲಿ, ಲೆಕ್ಕ ಬರೆಯುವವನು ನಾನು, ಬೇರೇನು ಹಿಡಿಯಲಿ? "ತೊಗರಿ ನೋಡಿ ಕೆಎಎಸ್ ಬರೀತೀಯೇನಪಾ?" ಅಂತ ಜೊತೆಯವರು ನಕ್ಕರು.

ಬುಕ್ಕಿನ ಎಡಪುಟದಲ್ಲಿ ದಿನದ ರೇಟು, ಆವಕ (ಗಂಜ್‌ಗೆ ಬಂದ ಮಾಲು). ಬಲಪುಟದಲ್ಲಿ ನಮಗೆ ತೊಗರಿ ಕಳಿಸುವ ದೇಶಗಳಾದ ಮ್ಯಾನ್ಮಾರ್, ಮೊಜಾಂಬಿಕ್, ಮಲಾವಿ, ತಾಂಜಾನಿಯಾ ಸುದ್ದಿ. ಯಾವ ಸುದ್ದಿ ಬಂದರೂ ಕೇಳುವುದು ಒಂದೇ: ಇದರಿಂದ ಮಾಲು ತಡವಾಗುತ್ತಾ, ತುಟ್ಟಿಯಾಗುತ್ತಾ? 2021ರ ಫೆಬ್ರವರಿ 1ರ ಮ್ಯಾನ್ಮಾರ್ ಸೇನಾ ದಂಗೆ ಹಿಂದೆ ನನಗೆ ಬರೀ ಒಂದು ತಾರೀಖು. ಅಲ್ಲಿನ ಕರೆನ್ಸಿ ಕ್ಯಾಟ್ ಬಿದ್ದಿದ್ದಕ್ಕೂ ಅಲ್ಲಿಂದ ಬರುವ ಲೆಮನ್ ತೊಗರಿಯ ಡಾಲರ್ ರೇಟಿಗೂ ಗಂಟು ಹಾಕಿ ನೋಡಿದಾಗಲೇ ವಿನಿಮಯ ದರ ತಲೆಗೆ ಹೋಗಿದ್ದು.

2023ರ ಕೊನೆಗೆ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿ ಶುರುಮಾಡಿದರು. ಆಫ್ರಿಕಾ ಮಾಲು ನಿಂತೇಹೋಯ್ತು ಅಂತ ಗಂಜ್ ತುಂಬ ಗುಲ್ಲು. ನಾನು ಮ್ಯಾಪ್ ಬಿಡಿಸಿದೆ. ಮೊಜಾಂಬಿಕ್‌ನ ನಕಾಲಾ ಬಂದರಿನಿಂದ ಮುಂಬೈಗೆ ಹಿಂದೂ ಮಹಾಸಾಗರದಲ್ಲೇ ದಾರಿ. ಕೆಂಪು ಸಮುದ್ರ ನಡುವೆ ಬರುವುದೇ ಇಲ್ಲ! ಯುರೋಪಿನ ಹಡಗುಗಳು ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಆಫ್ ಗುಡ್ ಹೋಪ್ ಸುತ್ತಿದ್ದರಿಂದ ಕಂಟೇನರ್ ಬಾಡಿಗೆ ಏರಿತು, ಅಷ್ಟೇ. ಗುಲ್ಲು ನಂಬಿ ದಾಸ್ತಾನು ಮಾಡುವ ಮೊದಲು ಮ್ಯಾಪ್ ನೋಡೋದು ಅವತ್ತಿನಿಂದ ರೂಢಿಯಾಯ್ತು.

2024ರ ಅಕ್ಟೋಬರ್ ಚುನಾವಣೆ ನಂತರ ಮೊಜಾಂಬಿಕ್‌ನಲ್ಲಿ ಗಲಭೆ. ಮತ್ತೆ ಎಲ್ಲರ ಬಾಯಲ್ಲೂ ತೇಜಿ, ರೇಟು ಏರುತ್ತೆ ಅನ್ನೋ ಮಾತು. ನನ್ನ ಲೆಕ್ಕ ಬೇರೆ ಇತ್ತು. ಅವರ ಸುಗ್ಗಿ ಮುಗಿದು ಎಷ್ಟೋ ಮಾಲು ಆಗಲೇ ಹಡಗು ಹತ್ತಿದೆ, ಆಮದು ಸುಂಕ ಇಲ್ಲ, ನಮ್ಮಲ್ಲೂ ಮಳೆ ಚೆನ್ನಾಗಿದೆ. ಸೋದರಮಾವನಿಗೆ "ರಾಶಿ ಆದ ಕೂಡಲೇ ಮಾರಿಬಿಡು ಮಾವ, ಇಟ್ಕೋಬೇಡ" ಅಂದೆ. ಕ್ವಿಂಟಲ್‌ಗೆ ಒಂಬತ್ತು ಸಾವಿರದ ಆಸುಪಾಸು ಸಿಕ್ಕಿತು. 2025ರ ಜನವರಿಯಲ್ಲಿ ರೇಟು ಬೆಂಬಲ ಬೆಲೆ 7,550ರ ಹತ್ತಿರಕ್ಕೆ ಇಳಿಯಿತು. ಅದೇ ತಿಂಗಳು ಕೇಂದ್ರ ಸರ್ಕಾರ ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿತು.

ನಕ್ಕವರೇ ಈಗ ಬುಕ್ಕಿನ ಜೆರಾಕ್ಸ್ ಕೇಳುತ್ತಾರೆ. ಎಡಪುಟ ಧಾರಾಳವಾಗಿ ಕೊಡುತ್ತೇನೆ. ಮ್ಯಾನ್ಮಾರ್‌ನ ಯಾಂಗೋನ್ ರೇಟು ಉಳಿದವರಿಗಿಂತ ಮೊದಲು ನನಗೆ ಹೇಗೆ ಸಿಗುತ್ತೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಪಾಮ್ ಎಣ್ಣೆಯ ಮೇಲೂ ಇದನ್ನೇ ಪ್ರಯೋಗಿಸಿದ್ದೆ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ರಫ್ತು ನಿಲ್ಲಿಸಿ, ತಿಂಗಳೊಳಗೇ ಮತ್ತೆ ಬಿಟ್ಟಿತು. ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದ ಮಿರ್ಚಿ ಭಜಿ ಗಾಡಿಯವನು ಆಗ ಏರಿಸಿದ ರೇಟು ಇವತ್ತಿಗೂ ಇಳಿಸಿಲ್ಲ ಬಿಡಿ. ಯಾದಗಿರಿ ಗೆಳೆಯನ ಹತ್ತಿಗೆ ಮಾತ್ರ ಈ ಲೆಕ್ಕ ಕೂಡಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿತು, ಅದೇ ತಿಂಗಳು ನಮ್ಮವರು ಹತ್ತಿ ಆಮದಿನ ಶೇ 11 ಸುಂಕ ತೆಗೆದರು. ಯಾವುದರಿಂದ ಎಷ್ಟು ರೇಟು ಬಿತ್ತು ಅಂತ ಬಿಡಿಸೋಕೆ ಆಗಲೇ ಇಲ್ಲ. ಈಗ ಡಿಎಪಿ ಗೊಬ್ಬರ ಹಿಡಿದಿದ್ದೇನೆ. ಅದು ಬರುವ ಚೀನಾ, ಸೌದಿ, ಮೊರಾಕೊ, ಮೂರಕ್ಕೂ ಬೇರೆ ಬೇರೆ ಪುಟ ಹಾಕಿದ್ದಾಯ್ತು.